ಹೇಗೆಂದು ಯಾರೂ ಕೇಳಲಿಲ್ಲ

ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹಿಡಿದು ಮೆಲ್ಲಗೆ ಒತ್ತಿದರೆ ಬೇಳೆ ಪುಟಕ್ಕನೆ ಪಾತ್ರೆಗೆ ಹಾರಬೇಕು, ಸಿಪ್ಪೆ ಕೈಯಲ್ಲೇ ಉಳಿಯಬೇಕು. ಸತ್ಯವತಿಗೆ ಅದು ಕಣ್ಣು ಮುಚ್ಚಿ ಮಾಡುವ ಕೆಲಸ. ಹಿಂದಿನ ವರಾಂಡದಲ್ಲಿ ಕಾಲಿಗೆ ಕಟ್ಟುವ ಕಬ್ಬಿಣದ ಕ್ಯಾಲಿಪರ್ ಬಿಚ್ಚಿಟ್ಟು, ಪೋಲಿಯೊ ಬಡಿದ ಬಲಗಾಲನ್ನು ಎರಡು ಕೈಯಿಂದ ಎತ್ತಿ ಚಾಪೆಯ ಮೇಲೆ ಚಾಚಿಕೊಂಡು, ನೆನೆದ ಅವರೆಕಾಳಿನ ಬೋಗುಣಿಯನ್ನು ಮಗ್ಗುಲಿಗೆ ಎಳೆದುಕೊಂಡು ಕೂತಿದ್ದಳು. ಎದುರಿಗೆ ತಮ್ಮನ ಹೆಂಡತಿ ಕಲಾವತಿಯೂ ಹಿತುಕುತ್ತಿದ್ದಳು. ಅವಳ ಬೇಳೆ ಮೂರಕ್ಕೊಂದು ಹೋಗಿ ಗೋಡೆಗೆ ಬಡಿಯುತ್ತಿತ್ತು.

“ನೀವು ಹಿತುಕಿದ್ದು ಪಾತ್ರೆಗೆ ಹೋಗತ್ತೆ, ನಾನು ಹಿತುಕಿದ್ದು ಪಕ್ಕದ ಮನೆಗೆ ಹೋಗತ್ತೆ ಅತ್ತಿಗೆ.”

“ಅವರೂ ಉಣ್ಣಲಿ ಬಿಡು,” ಎಂದಳು ಸತ್ಯವತಿ.

ಆಗಲೇ ಪೋಸ್ಟಿನವನು ಗೇಟು ಬಡಿದದ್ದು. ಕಲಾವತಿಯ ಮಗಳು ಮಾಲವಿಕಾ ಹೋದಳು; ಸಹಿ ಅತ್ತೆಯದೇ ಬೇಕಂತೆ ಎಂದು ಚೀಟಿ, ಪೆನ್ನು ಹಿಡಿದುಕೊಂಡು ಒಳಗೆ ಬಂದಳು. ಸತ್ಯವತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಸಹಿ ಹಾಕಿದಳು. ಮಾಲವಿಕಾ ರಾಜಾಜಿನಗರದ ಒಬ್ಬ ಆಡಿಟರ ಹತ್ತಿರ ಕೆಲಸಕ್ಕಿದ್ದವಳು, ಸರ್ಕಾರಿ ಕಾಗದವೆಂದರೆ ಹೆದರುವವಳಲ್ಲ. ಆದರೆ ಲಕೋಟೆ ಒಡೆದು ಓದುತ್ತಾ ಓದುತ್ತಾ ಅವಳ ದನಿ ಇಳಿಯಿತು.

ಅಂಗವಿಕಲರ ಪಿಂಚಣಿ ಕೊಡುವ ಕಚೇರಿಯಿಂದ ಬಂದ ನೋಟೀಸು ಅದು. ಸತ್ಯವತಿಯ ಹೊಸ ಕಾರ್ಡಿನಲ್ಲಿ ಅಂಗವೈಕಲ್ಯ ಶೇಕಡಾ ಅರವತ್ತು ಎಂದಿದೆ. ಅಷ್ಟಕ್ಕೆ ತಿಂಗಳಿಗೆ ಎಂಟುನೂರು ಮಾತ್ರ ಸಲ್ಲಬೇಕು. ಆದರೆ ನಲವತ್ತೆರಡು ತಿಂಗಳಿಂದ ಸಾವಿರದ ನಾನೂರರಂತೆ ಪಾವತಿಯಾಗಿದೆ. ಹೆಚ್ಚು ಪಡೆದ ಇಪ್ಪತ್ತೈದು ಸಾವಿರದ ಇನ್ನೂರು ರೂಪಾಯಿಯನ್ನು ಮೂವತ್ತು ದಿನದೊಳಗೆ ಕಟ್ಟಬೇಕು, ಇಲ್ಲವೇ ಲಿಖಿತ ಸಮಜಾಯಿಷಿ ಕೊಡಬೇಕು. ಅಲ್ಲಿಯವರೆಗೆ ಪಿಂಚಣಿ ತಡೆಹಿಡಿಯಲಾಗಿದೆ. ಕಾಗದದ ಸಾರ ಇಷ್ಟು.

ಕಲಾವತಿ ಕೈಲಿದ್ದ ಕಾಳನ್ನು ಹಾಗೇ ಹಿಡಿದುಕೊಂಡಿದ್ದಳು. ಸತ್ಯವತಿ ಮಾತ್ರ ಬೋಗುಣಿಗೆ ಮತ್ತೆ ಕೈ ಹಾಕಿದಳು. ತಿಂಗಳ ಸಾವಿರದ ನಾನೂರು ಹೋಯಿತು ಎಂದರೆ ಏನು ಹೋಯಿತೆಂದು ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಹಣ ಮನೆಯ ಹಾಲಿನ ಬಾಬತ್ತು. ಅಪ್ಪ ಕಟ್ಟಿದ ಬಸವೇಶ್ವರನಗರದ ಮನೆ ತಮ್ಮ ವೆಂಕಟಗಿರಿಯ ಹೆಸರಿಗಿತ್ತು, ದಿನಸಿ ತರಕಾರಿ ಅವನದು, ಗ್ಯಾಸು ಕಲಾವತಿಯ ಸಂಬಳದ್ದು. ದಿನಕ್ಕೆ ಎರಡು ಪ್ಯಾಕೆಟ್ ಹಾಲು ಸತ್ಯವತಿಯದು. ಬೆಳಗಿನ ಕಾಫಿ ಎಲ್ಲರಿಗಿಂತ ಮೊದಲು ಅವಳ ಕೈಗೆ ಬರುತ್ತಿತ್ತು. ಅವಳು ಅದನ್ನು ಎಂದೂ ಕೇಳಿ ಪಡೆದವಳಲ್ಲ.

ಮಧ್ಯಾಹ್ನ ಹಿತುಕಿದ ಬೇಳೆ ಸಾರು, ಅಕ್ಕಿ ರೊಟ್ಟಿ. ವೆಂಕಟಗಿರಿ ಕೈಗಾರಿಕಾ ಬಡಾವಣೆಯ ಪ್ರೆಸ್ಸಿನಿಂದ ಅರ್ಧ ದಿನ ಮುಗಿಸಿ ಬಂದವನು, ಎರಡನೆಯ ರೊಟ್ಟಿ ಮುರಿಯುವ ಹೊತ್ತಿಗೆ ಸುದ್ದಿ ಕೇಳಿದ. ಅವನದು ಒಂದೇ ಮಾತು: ಚೀಟಿ ದುಡ್ಡು ಬರುವುದಿದೆ, ಕಟ್ಟಿ ಬಿಸಾಕೋಣ, ಸರ್ಕಾರದ ಸಾಲ ಅನ್ನಿಸಿಕೊಂಡು ಮನೆಯಲ್ಲಿ ಕೂರುವುದು ಬೇಡ.

“ಸಾಲ ಅಂತ ಯಾಕೆ ಅಂತೀಯಾ? ನಾನು ಕದ್ದಿದೀನಾ?” ಎಂದಳು ಸತ್ಯವತಿ.

“ಕದ್ದೆ ಅಂತ ಯಾರಂದ್ರು ಅಕ್ಕ? ಕಟ್ಟಿದ್ರೆ ಗಲಾಟೆ ಮುಗಿಯತ್ತೆ ಅಂದೆ.”

“ಕಟ್ಟಿದ್ರೆ ತಗೊಂಡಿದ್ದು ತಪ್ಪು ಅಂತ ಒಪ್ಪಿಕೊಂಡ ಹಾಗೆ.”

ಕಲಾವತಿ ಸಾರಿನ ಸೌಟು ಹಿಡಿದು ನಿಂತಿದ್ದಳು. ಅವಳು ನಾಲ್ಕು ತಿಂಗಳಿಂದ ಅದುಮಿಟ್ಟುಕೊಂಡಿದ್ದ ಮಾತು ಹೊರಗೆ ಬಂತು. “ತಪ್ಪು ಎಲ್ಲಾಯ್ತು ಅಂತ ನನಗೊತ್ತು. ಡಾಕ್ಟರ ಬೋರ್ಡಿಗೆ ಮದುವೆ ಮನೆಗೆ ಹೋದಂಗೆ ಹೋದ್ರಲ್ಲ, ಅಲ್ಲಾಯ್ತು.”

ಅದು ಸುಳ್ಳಾಗಿರಲಿಲ್ಲ. ಹಳೆಯ ಕಾಗದದ ಪ್ರಮಾಣಪತ್ರದಲ್ಲಿ ಶೇಕಡಾ ಎಪ್ಪತ್ತೆಂಟು ಎಂದಿತ್ತು, ಸಾವಿರದ ನಾನೂರು ಸಿಗುತ್ತಿದ್ದುದು ಆ ಲೆಕ್ಕಕ್ಕೆ. ಎಲ್ಲರೂ ಹೊಸ ಕಾರ್ಡು ಮಾಡಿಸಬೇಕೆಂದಾಗ ಆಗಸ್ಟಿನಲ್ಲಿ ಮತ್ತೆ ತಪಾಸಣೆ ಆಯಿತು. ಆ ದಿನ ಸತ್ಯವತಿ ಗಂಜಿ ಹಾಕಿದ ಹಸಿರು ಸೀರೆ ಉಟ್ಟಿದ್ದಳು, ಕ್ಯಾಲಿಪರಿನ ಬೂಟಿಗೆ ಪಾಲಿಶ್ ಹಾಕಿಸಿದ್ದಳು, ಕೋಲನ್ನು ಆಟೋದಲ್ಲೇ ಕಲಾವತಿಯ ಕೈಗೆ ಕೊಟ್ಟು ಗೋಡೆ ಹಿಡಿಯದೆ ಒಳಗೆ ನಡೆದಿದ್ದಳು. ಅದು ತೀರಿಹೋದ ತಾಯಿ ಕಲಿಸಿದ ಪಾಠ. ಅಕ್ಕಪಕ್ಕದವರ ಮನೆಗೆ ಹೇಗಾದರೂ ಹೋಗು, ಸರ್ಕಾರದ ಆಫೀಸಿಗೂ ಆಸ್ಪತ್ರೆಗೂ ಹೋಗುವಾಗ ಒಬ್ಬರ ಬಾಯಲ್ಲೂ ಅಯ್ಯೋ ಪಾಪ ಅಂತ ಬರಬಾರದು, ಹಾಗೆ ಹೋಗು ಎಂದು ಆಕೆ ಮೂರು ವರ್ಷದ ಮಗುವಿನಿಂದ ಹೇಳಿಕೊಟ್ಟಿದ್ದಳು. ಡಾಕ್ಟರು ಮೆಟ್ಟಿಲು ಹತ್ತುತ್ತೀರಾ ಎಂದು ಕೇಳಿದರು. ಹತ್ತುತ್ತೀನಿ ಎಂದಳು. ಸ್ನಾನ? ನಾನೇ ಮಾಡ್ಕೋತೀನಿ. ಅಡುಗೆ, ಬಟ್ಟೆ? ಎಲ್ಲ ನಾನೇ. ವೆರಿ ಗುಡ್ ಅಮ್ಮ ಎಂದು ಡಾಕ್ಟರು ಮೆಚ್ಚಿ ಅರವತ್ತು ಬರೆದರು. ಮನೆಗೆ ಬಂದ ಸತ್ಯವತಿ ಆ ವೆರಿ ಗುಡ್ ಅನ್ನು ನಾಲ್ಕು ಜನಕ್ಕೆ ಹೇಳಿಕೊಂಡಿದ್ದೂ ಉಂಟು.

ಈಗ ಕಲಾವತಿಯ ಸಲಹೆ ಹೀಗಿತ್ತು: ಮತ್ತೊಮ್ಮೆ ತಪಾಸಣೆ ಕೇಳುವುದು, ಹಳೆ ನೈಲೆಕ್ಸ್ ಸೀರೆ ಉಟ್ಟು, ಕ್ಯಾಲಿಪರ್ ಮನೆಯಲ್ಲೇ ಬಿಟ್ಟು, ಇಬ್ಬರು ಹಿಡಿದುಕೊಂಡು ಒಳಗೆ ಕರೆದೊಯ್ಯುವುದು, ಕೇಳಿದ್ದಕ್ಕೆಲ್ಲ ಆಗಲ್ಲ ಎನ್ನುವುದು. ನಾಲ್ಕು ತೊಟ್ಟು ಕಣ್ಣೀರು ಬಂದರೆ ಇನ್ನೂ ಒಳ್ಳೆಯದು.

“ಅಳೋಕೆ ನಾನು ಹೋಗಲ್ಲ,” ಎಂದಳು ಸತ್ಯವತಿ.

“ಹಾಗಾದ್ರೆ ವೆರಿ ಗುಡ್ ಇಟ್ಕೊಂಡು ಕಾಫಿ ಕಾಸ್ಕೊಳ್ಳೋಣ.”

ವೆಂಕಟಗಿರಿ ಹೆಂಡತಿಯನ್ನು ಗದರಿದ. ಆದರೆ ಯಾರೂ ಮೂರನೆಯ ರೊಟ್ಟಿ ಹಾಕಿಸಿಕೊಳ್ಳಲಿಲ್ಲ.

ಹೊಸ ವರ್ಷದ ಮೊದಲ ವಾರ ಮಾಲವಿಕಾ ರಜೆ ಹಾಕಿ ಅತ್ತೆಯನ್ನು ಸ್ಕೂಟರಿನಲ್ಲಿ ಕಚೇರಿಗೆ ಕರೆದುಕೊಂಡು ಹೋದಳು. ಅಲ್ಲಿ ಚನ್ನಕೇಶವ ಎಂಬ ಗುಮಾಸ್ತರು ಕಡತ ನೋಡುತ್ತಿದ್ದರು, ನಿವೃತ್ತಿಗೆ ಹತ್ತಿರವಾದ ಮನುಷ್ಯ. ಕೂತುಕೊಳ್ಳಿ ಎಂದು ತಮ್ಮ ಕುರ್ಚಿಯನ್ನೇ ಎಳೆದು ಕೊಟ್ಟರು. ಕಂಪ್ಯೂಟರಿನಲ್ಲಿ ಹೊಸ ಕಾರ್ಡಿನ ಅಂಕಿ ಹಾಕಿದ ಕೂಡಲೇ ಅದು ಹಳೆಯ ಪಾವತಿಯನ್ನೆಲ್ಲ ಅದೇ ಲೆಕ್ಕಕ್ಕೆ ಇಳಿಸಿ ಬಾಕಿ ತೋರಿಸಿದೆ, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಕಾರ್ಡು ಆಗಸ್ಟಿನದು, ಬಾಕಿ ಮೂರೂವರೆ ವರ್ಷದ್ದು ಹೇಗಾಗತ್ತೆ ಸಾರ್ ಎಂದು ಮಾಲವಿಕಾ ಹಿಡಿದುಕೊಂಡಾಗ ಅವರು ಕನ್ನಡಕ ತೆಗೆದು ಒರೆಸಿದರು.

“ಅದನ್ನೇ ಬರೆದು ಕೊಡಿ ಮೇಡಂ. ಬಾಯಲ್ಲಿ ಹೇಳಿದ್ರೆ ನಾನು ಕೇಳ್ತೀನಿ, ಫೈಲು ಕೇಳಲ್ಲ. ಜೊತೆಗೆ ಅಮ್ಮನ ಕೈಲಿ ಏನೇನು ಆಗಲ್ಲ ಅಂತ ಒಂದು ಪುಟ ಬರೀಲಿ, ಮರುತಪಾಸಣೆಗೆ ಬೇಕಾಗತ್ತೆ.” ಆಮೇಲೆ ಸತ್ಯವತಿಯ ಕಡೆ ತಿರುಗಿ ದನಿ ತಗ್ಗಿಸಿದರು. “ಆಗೋದನ್ನ ಬರೀಬೇಡಿ ತಾಯಿ. ಆಗದೇ ಇರೋದು ಮಾತ್ರ.”

ಉತ್ತರಕ್ಕೆ ಫೆಬ್ರವರಿ ಕೊನೆಯವರೆಗೆ ಸಮಯ ಕೊಟ್ಟಿದ್ದೇವೆ ಎಂದು ನೋಟೀಸಿನ ಅಂಚಿನಲ್ಲೇ ಬರೆದು ಮೊಹರು ಹಾಕಿಕೊಟ್ಟರು.

ಕಾಗದದ ಮೊದಲ ಭಾಗವನ್ನು ಮಾಲವಿಕಾ ಆ ಸಂಜೆಯೇ ಬರೆದುಬಿಟ್ಟಳು. ತಾರೀಖು, ಹಳೆ ಪ್ರಮಾಣಪತ್ರದ ನಂಬರು, ಹೊಸ ಕಾರ್ಡಿನ ನಂಬರು, ಎಲ್ಲ ಸರಿಯಾಗಿತ್ತು. ಇನ್ನುಳಿದ ಒಂದು ಪುಟ ಅತ್ತೆಯದು. ಸತ್ಯವತಿ ಬಿಳಿ ಹಾಳೆ ಇಟ್ಟುಕೊಂಡು ಕೂತಳು. “ಮಾನ್ಯರೇ” ಎಂದು ಬರೆದಳು. ಕೆಳಗೊಂದು ಗೆರೆ ಎಳೆದಳು. ಸಾರಿಗೆ ಒಗ್ಗರಣೆ ಹಾಕಬೇಕೆಂದು ಎದ್ದಳು.

ಮರುದಿನ ಮಾಲವಿಕಾ ಕೇಳಿದರೆ ಬರೀತೀನಿ ಎಂದಳು. ಸಂಕ್ರಾಂತಿಗೆ ಎಳ್ಳು ಹುರಿಯಬೇಕಿತ್ತು, ಕೊಬ್ಬರಿ ಹೆಚ್ಚಬೇಕಿತ್ತು. ಅದಾದ ಮೇಲೆ ಬರೀತೀನಿ ಎಂದಳು. ಸಂಕ್ರಾಂತಿಯಾಯಿತು. ಮದುವೆ ಕಾಲ ಶುರುವಾಗುತ್ತಿದ್ದುದರಿಂದ ಸೀರೆ ಕುಚ್ಚು ಕಟ್ಟುವ ಕೆಲಸ ಒಂದರ ಮೇಲೊಂದು ಬಂತು. ಕುಚ್ಚು ಕಟ್ಟುವುದರಲ್ಲಿ ಆ ಬೀದಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ; ಹಿಂದೆ ತಿಂಗಳಿಗೆ ಮೂರು ನಾಲ್ಕು ಸೀರೆ ತೆಗೆದುಕೊಳ್ಳುತ್ತಿದ್ದವಳು ಈಗ ಎಂಟು ತೆಗೆದುಕೊಂಡಳು. ಜನವರಿಯ ಹಾಲಿನ ದುಡ್ಡನ್ನು ಅದರಲ್ಲೇ ತೆತ್ತಳು. ಹಾಲಿನವನಿಗೆ ಎಣಿಸಿ ಕೊಡುವಾಗ ಕಲಾವತಿ ನೋಡಲಿ ಎಂದು ಬಾಗಿಲಲ್ಲೇ ನಿಂತು ಕೊಟ್ಟಳು.

ಫೆಬ್ರವರಿ ಮೊದಲ ವಾರ ಹಾಲಿನವನು ದುಡ್ಡು ಕೇಳಲು ಬರಲಿಲ್ಲ. ಸತ್ಯವತಿ ಮೂರು ದಿನ ಕಾದಳು. ನಾಲ್ಕನೆಯ ಬೆಳಗ್ಗೆ ಅವನನ್ನು ಗೇಟಿನಲ್ಲಿ ತಡೆದು ಕೇಳಿದರೆ, ಅಕ್ಕಾವ್ರು ಫೋನಲ್ಲೇ ಕಳಿಸಿದ್ರಲ್ಲ ಎಂದ.

ಕಲಾವತಿ ಬಾಣಲೆಯಲ್ಲಿ ಉಪ್ಪಿಟ್ಟು ತಿರುವುತ್ತಿದ್ದಳು. ಒಂಬತ್ತೂವರೆಗೆ ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿರಬೇಕು, ಅಲ್ಲಿ ಅವಳದು ಚೀಟಿ ಬರೆಯುವ ಕೆಲಸ.

“ಹಾಲಿನ ದುಡ್ಡು ನೀನು ಕೊಟ್ಯಾ?”

“ಕೊಟ್ಟೆ. ನಿಮ್ಮ ಬೆರಳು ನೋಡ್ಕೊಳ್ಳಿ, ದಾರ ಕುಯ್ದು ಕುಯ್ದು ಹೆಂಗಾಗಿದೆ.”

“ನನ್ನ ಕೇಳ್ದೆ ಯಾಕೆ ಕೊಟ್ಟೆ?”

“ಮನೆ ಹಾಲು ಅತ್ತಿಗೆ. ಯಾರು ಕೊಟ್ರೇನು?”

“ಯಾರು ಕೊಟ್ರೇನು ಅನ್ನೋದಾದ್ರೆ ಇಪ್ಪತ್ತು ವರ್ಷದಿಂದ ನಾನು ಕೊಟ್ಟಿದ್ದೂ ಏನೂ ಅಲ್ಲ ಅಂತಾಯ್ತು.”

ಕಲಾವತಿ ಒಲೆ ಆರಿಸಿದಳು. ಅವಳಿಗೆ ಸಿಟ್ಟು ಬಂದಿತ್ತು, ಕಣ್ಣೂ ತುಂಬಿತ್ತು. “ಒಂದು ಪುಟ ಬರೆಯೋಕೆ ಏನಡ್ಡಿ ನಿಮಗೆ? ನನ್ನ ದುಡ್ಡೂ ಬೇಡ, ಇವರು ಕಟ್ತೀನಿ ಅಂದ್ರೂ ಬೇಡ, ಬೋರ್ಡಿಗೆ ಹೋಗೋದೂ ಬೇಡ. ಕಾಗದಾನೂ ಇಲ್ಲ. ಏನು ಮಾಡ್ಬೇಕು ಅಂತಾದ್ರೂ ಹೇಳಿ.”

ಆ ದಿನ ಸತ್ಯವತಿ ಕಾಫಿ ಕುಡಿಯಲಿಲ್ಲ. ಕಲಾವತಿ ಲೋಟದ ಮೇಲೆ ತಟ್ಟೆ ಮುಚ್ಚಿಟ್ಟು ಕೆಲಸಕ್ಕೆ ಹೋದಳು. ಸಂಜೆ ಬಂದು ನೋಡಿದರೆ ಲೋಟ ಹಾಗೇ ಇತ್ತು.

ಅದಾಗಿ ಹತ್ತು ದಿನಕ್ಕೆ ಒಂದು ಮಧ್ಯಾಹ್ನ ಮಾಲವಿಕಾ ಆಫೀಸಿನಲ್ಲಿ ಕರೆಂಟು ಹೋಯಿತೆಂದು ಬೇಗ ಮನೆಗೆ ಬಂದಳು. ಬಾಗಿಲು ಮುಂದೆ ಮಾಡಿತ್ತು, ಒಳಗೆ ಅತ್ತೆ ಇರಲಿಲ್ಲ. ಆ ಮನೆಯ ಮೆಟ್ಟಿಲು ಹೊರಗಡೆಯದು; ಮೊದಲನೆಯ ಮಹಡಿಯ ಬಾಡಿಗೆಯವರ ಬಾಗಿಲು ದಾಟಿ ತಾರಸಿಗೆ ಹೋಗುತ್ತದೆ, ಒಟ್ಟು ಮೂವತ್ತನಾಲ್ಕು. ಮೇಲಿನಿಂದ ಏನೋ ಉಜ್ಜುವ ಸದ್ದು ಕೇಳಿ ಅವಳು ಕತ್ತೆತ್ತಿದಳು.

ಸತ್ಯವತಿ ಹದಿನೆಂಟನೆಯದೋ ಹತ್ತೊಂಬತ್ತನೆಯದೋ ಮೆಟ್ಟಿಲ ಮೇಲೆ ಬೀದಿಗೆ ಮುಖ ಮಾಡಿ ಕೂತಿದ್ದಳು. ಪಕ್ಕದಲ್ಲಿ ಒದ್ದೆ ಬಟ್ಟೆಯ ಬಕೆಟ್ಟು. ಎರಡು ಅಂಗೈಯನ್ನೂ ಹಿಂದಿನ ಮೆಟ್ಟಿಲಿಗೆ ಊರಿ, ಸೊಂಟವನ್ನು ಎತ್ತಿ ಅದರ ಮೇಲೆ ಕೂತಳು. ಆಮೇಲೆ ಬಲಗಾಲನ್ನು ಎಳೆದುಕೊಂಡಳು. ಆಮೇಲೆ ಬಕೆಟ್ಟನ್ನು ಎಳೆದುಕೊಂಡಳು. ಸೀರೆಯ ಹಿಂಭಾಗ ಸವೆಯದಿರಲೆಂದು ಒಂದು ಗೋಣಿ ತುಂಡನ್ನು ನಡುವಿಗೆ ಕಟ್ಟಿಕೊಂಡಿದ್ದಳು.

ಮಾಲವಿಕಾ ಕೂಗಲಿಲ್ಲ. ಒಂದೊಂದೇ ಮೆಟ್ಟಿಲು ಹತ್ತಿ ಬಂದು ಬಕೆಟ್ಟಿನ ಹಿಡಿ ಹಿಡಿದುಕೊಂಡಳು.

“ಎಷ್ಟು ದಿನದಿಂದ ಅತ್ತೆ?”

“ಯಾಕೆ ಬಂದೆ ಇಷ್ಟು ಹೊತ್ತಿಗೆ?”

“ನಾನು ಕೇಳಿದ್ದಕ್ಕೆ ಹೇಳು.”

“ನಿಮ್ಮಮ್ಮ ಕೆಲಸಕ್ಕೆ ಸೇರಿದಾಗಿಂದ. ಬಟ್ಟೆ ಹರವೋದು ನನ್ನ ಪಾಲಿಗೆ ಇರಲಿ ಅಂತ ನಾನೇ ಅಂದಿದ್ದು.” ಸತ್ಯವತಿ ಉಸಿರು ಸುಧಾರಿಸಿಕೊಂಡಳು. “ಹತ್ತೋಕೆ ಇಪ್ಪತ್ತೈದು ನಿಮಿಷ. ಇಳಿಯೋದು ಸುಲಭ.”

ಮಾಲವಿಕಾ ಹಿಡಿ ಬಿಟ್ಟು ಕಣ್ಣೊರೆಸಿಕೊಂಡಳು. ಹದಿನಾಲ್ಕು ವರ್ಷ ಅವಳ ಶಾಲೆಯ ಯೂನಿಫಾರ್ಮು, ಕಾಲೇಜಿನ ಚೂಡಿದಾರ, ಆಫೀಸಿನ ಬಟ್ಟೆ ಎಲ್ಲ ಹೀಗೇ ಬಿಸಿಲಿಗೆ ಹೋಗಿದ್ದವು. ಅಳಬೇಡ, ಬಕೆಟ್ ಹಿಡಿ, ಅರ್ಧ ದಾರಿ ಬಂದಾಗಿದೆ ಎಂದಳು ಅತ್ತೆ.

ತಾರಸಿಯಲ್ಲಿ ಇಬ್ಬರೂ ಬಟ್ಟೆ ಹರವಿದರು. ಕ್ಲಿಪ್ಪು ಹಾಕುತ್ತಾ ಹಾಕುತ್ತಾ ಸತ್ಯವತಿ ತಾನಾಗಿಯೇ ಹೇಳಿದಳು. ಬಚ್ಚಲಿನಲ್ಲಿ ಎರಡು ಸಲ ಬಿದ್ದಿದ್ದಳು; ಹೋದ ವರ್ಷ ಮಣಿಕಟ್ಟು ಊದಿಕೊಂಡದ್ದು ಕುಚ್ಚು ಕಟ್ಟಿ ಅಲ್ಲ. ಅಡುಗೆಗೆ ನಿಂತರೆ ಹತ್ತು ನಿಮಿಷಕ್ಕೊಮ್ಮೆ ಕಟ್ಟೆಗೆ ಎದೆ ಆನಿಸಿಕೊಳ್ಳಬೇಕು. ಒಬ್ಬರೂ ಕಾಣದ ಹೊತ್ತು ನೋಡಿಕೊಂಡು ಅವಳು ಎಲ್ಲವನ್ನೂ ಮಾಡುತ್ತಿದ್ದಳು.

“ಇದನ್ನೇ ಬರಿ ಅತ್ತೆ. ಇಷ್ಟೇ ಬೇಕಾಗಿರೋದು.”

“ಬರೆದ್ರೆ ಸರ್ಕಾರಕ್ಕೆ ಗೊತ್ತಾಗತ್ತೆ, ಅದಕ್ಕೇನೂ ಇಲ್ಲ. ನಿಮ್ಮಪ್ಪಂಗೆ ಗೊತ್ತಾಗತ್ತೆ. ಆಮೇಲೆ ನೀನು ಕೂತ್ಕೋ ಅಕ್ಕ, ನೀನು ಏನೂ ಮಾಡಬೇಡ ಅಕ್ಕ ಅಂತಾನೆ. ಒಂದು ಮೂಲೆಗೆ ಕೂರಿಸ್ತಾರೆ ಕಣೇ. ನಲವತ್ತು ವರ್ಷದಿಂದ ಅಲ್ಲಿ ಕೂರದೇ ಇರೋಕೆ ಇಷ್ಟೆಲ್ಲ ಮಾಡಿರೋದು.”

ಮಾಲವಿಕಾ ಬಕೆಟ್ಟಿನಿಂದ ಇನ್ನೊಂದು ಬಟ್ಟೆ ಎತ್ತಿ ಕೊಡವಿದಳು. ಆಮೇಲೆ ಕೇಳಿದಳು: “ಡಾಕ್ಟರ ಹತ್ರ ಮೆಟ್ಟಿಲು ಹತ್ತುತ್ತೀನಿ ಅಂದಿದ್ದು ಸುಳ್ಳಾ?”

“ಸುಳ್ಳು ಯಾಕಾಗತ್ತೆ? ಈಗ ಹತ್ತಿ ಬಂದಿಲ್ವಾ?”

“ಮತ್ತೆ ಹಾಗೇ ಬರಿ. ಹತ್ತುತ್ತೀನಿ ಅಂತಾನೂ ಬರಿ, ಹೇಗೆ ಅಂತಾನೂ ಬರಿ.”

ಸತ್ಯವತಿ ಕೈಲಿದ್ದ ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡು ಬೀದಿಯ ಕಡೆ ನೋಡುತ್ತಾ ನಿಂತಳು. ಆಗದೇ ಇರುವುದನ್ನು ಮಾತ್ರ ಬರಿ ಎಂದು ಎಲ್ಲರೂ ಹೇಳಿದ್ದರು. ಆಗುವುದನ್ನೂ ಬರಿ ಎಂದು ಹೇಳಿದವಳು ಇವಳೊಬ್ಬಳೇ.

ಕಾಗದ ಮುಗಿಯಲು ಆಮೇಲೂ ಒಂದು ವಾರ ಹಿಡಿಯಿತು. ಮೂರು ಹಾಳೆ ಹರಿದಳು. ಆ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ, ಅನ್ನಕ್ಕೆ ಮಜ್ಜಿಗೆ ಹಾಕಿಕೊಳ್ಳುವ ಹೊತ್ತಿಗೆ, ಕೇಳಿ ಒಂದು ಸಲ ಎಂದು ಕನ್ನಡಕ ಏರಿಸಿಕೊಂಡಳು. ತಮ್ಮನಿಗೆ ಕಚೇರಿಯಿಂದ ಗೊತ್ತಾಗುವುದಕ್ಕಿಂತ ತನ್ನ ಬಾಯಿಂದಲೇ ಗೊತ್ತಾಗಲಿ ಎಂದು ಅವಳು ನಿಶ್ಚಯಿಸಿದ್ದಳು.

“ಮಾನ್ಯರೇ, ಮೆಟ್ಟಿಲು ಹತ್ತುತ್ತೀರಾ ಎಂದು ವೈದ್ಯರು ಕೇಳಿದರು. ಹತ್ತುತ್ತೇನೆ ಎಂದೆ. ಅದು ನಿಜ. ಹೇಗೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೂತುಕೊಂಡು, ಕೈ ಊರಿ, ಹಿಮ್ಮುಖವಾಗಿ ಹತ್ತುತ್ತೇನೆ. ಮೂವತ್ತನಾಲ್ಕು ಮೆಟ್ಟಿಲಿಗೆ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ಸ್ನಾನ ನಾನೇ ಮಾಡಿಕೊಳ್ಳುತ್ತೇನೆ. ಎರಡು ಸಲ ಬಿದ್ದಿದ್ದೇನೆ. ಅಡುಗೆ ಮಾಡುತ್ತೇನೆ. ಚೆನ್ನಾಗಿ ಮಾಡುತ್ತೇನೆ. ಒಂದು ಸಾರಿಗೆ ನಾಲ್ಕು ಸಲ ಕೂರುತ್ತೇನೆ. ಮತ್ತೆ ತಪಾಸಣೆ ಮಾಡುವುದಾದರೆ ಬರುತ್ತೇನೆ, ಕೇಳಿದ್ದನ್ನು ಮಾಡಿ ತೋರಿಸುತ್ತೇನೆ. ಆಗಲೂ ಅರವತ್ತೇ ಎಂದಾದರೆ ಕಾರ್ಡಿನ ತಾರೀಖಿನಿಂದ ಎಂಟುನೂರು ಕೊಡಿ, ಅಲ್ಲಿಂದೀಚೆಗೆ ಹೆಚ್ಚು ಬಂದದ್ದನ್ನು ಹಿಡಿದುಕೊಳ್ಳಿ, ತಕರಾರಿಲ್ಲ. ಹಳೆಯ ತಿಂಗಳುಗಳ ಹಣವನ್ನು ಹಿಂದಿರುಗಿಸುವುದಿಲ್ಲ. ನನ್ನ ಕಾಲು ಹಿಂದಿನ ತಾರೀಖಿನಿಂದ ವಾಸಿಯಾಗಿಲ್ಲ.”

ವೆಂಕಟಗಿರಿಯ ಕೈ ತಟ್ಟೆಯಲ್ಲೇ ನಿಂತಿತ್ತು. ಮಜ್ಜಿಗೆ ಅಂಚಿಗೆ ಬಂದು ಚೆಲ್ಲುತ್ತಿದ್ದರೂ ಅವನು ನೋಡಲಿಲ್ಲ.

“ಸ್ನಾನದ್ದು ತೆಗೆದುಬಿಡು ಅಕ್ಕ. ನಾಲ್ಕು ಜನ ಗಂಡಸರು ಓದ್ತಾರೆ.”

“ಓದಲಿ. ಬಿದ್ದಿದ್ದು ನಾನು.”

“ನಾನು ಮನೇಲಿ ಇದ್ದೂ ನೀನು…”

“ಅದಕ್ಕೇ ಕಣೋ ಹೇಳಿರಲಿಲ್ಲ. ಈ ಮುಖ ನೋಡಬೇಕಾಗತ್ತೆ ಅಂತ.”

ಕಲಾವತಿ ಎದ್ದು ಗಂಡನ ತಟ್ಟೆಯ ಸುತ್ತ ಚೆಲ್ಲಿದ್ದನ್ನು ಒರೆಸಿದಳು. ಇರಲಿ ಬಿಡಿ, ಒಂದಕ್ಷರ ತೆಗೀಬೇಡಿ ಎಂದು ಗಂಡನಿಗೆ ಹೇಳಿದಳು. ಆಮೇಲೆ ಅತ್ತಿಗೆಯ ಕಡೆ ನೋಡದೆ, ನಾಳೆಯಿಂದ ಬಟ್ಟೆ ತಾನು ಹರವುವುದಾಗಿ ಹೇಳಿದಳು.

“ಬೇಡ,” ಎಂದಳು ಸತ್ಯವತಿ.

“ನೀವು ಬೇಡ ಅಂದ್ರೆ ಬಿಡ್ತೀನಾ?”

“ಹಾಗಾದ್ರೆ ಹಾಲಿನ ದುಡ್ಡು ವಾಪಸ್ ತಗೋ.”

ಕಲಾವತಿ ಯೋಚಿಸಿದಳು. ಬಟ್ಟೆಯ ಬಕೆಟ್ಟನ್ನು ಬೆಳಗ್ಗೆ ತಾನು ಮೇಲಿಟ್ಟು ಹೋಗುವುದು, ಹರವುವುದು ಅತ್ತಿಗೆಯದು; ಹಾಲಿನ ದುಡ್ಡು ವಾಪಸ್ಸು. ಈ ಮಾತಿಗೆ ಇಬ್ಬರೂ ಒಪ್ಪಿದರು. ವೆಂಕಟಗಿರಿ ಯಾರನ್ನೂ ಕೇಳದೆ ಎದ್ದುಹೋಗಿ, ಬಚ್ಚಲಿನ ಗೋಡೆಗೆ ಹಿಡಿ ಕೂರಿಸುವವನಿಗೆ ಫೋನು ಮಾಡಿದ. ಸ್ಟೀಲಿಂದು ಹಾಕಿಸು, ಪ್ಲಾಸ್ಟಿಕ್ ಬೇಡ ಎಂದಷ್ಟೇ ಸತ್ಯವತಿ ಒಳಗಿನಿಂದ ಕೂಗಿ ಹೇಳಿದಳು.

ಗಡುವಿಗೆ ಮೂರು ದಿನವಿತ್ತು. ಮರುದಿನ ಬೆಳಗ್ಗೆ ಮಾಲವಿಕಾ ಆಫೀಸಿಗೆ ಹೋಗುವ ದಾರಿಯಲ್ಲಿ ಅತ್ತೆಯನ್ನು ಪೋಸ್ಟ್ ಆಫೀಸಿನ ಬಾಗಿಲಲ್ಲಿ ಇಳಿಸಿದಳು. ತಾನೂ ಬರುತ್ತೇನೆ ಎಂದವಳನ್ನು ಸತ್ಯವತಿ ಬೇಡವೆಂದು ಕಳಿಸಿಬಿಟ್ಟಳು. ವಾಪಸ್ಸು ಆಟೋದಲ್ಲಿ ಬರುವುದು ಅವಳಿಗೆ ಗೊತ್ತಿತ್ತು. ಒಳಗೆ ಸಾಲಿನಲ್ಲಿ ಐದು ಜನರಿದ್ದರು. ಕೋಲು ನೋಡಿ ಒಬ್ಬರು ಮುಂದೆ ಹೋಗಿ ಅಮ್ಮ ಎಂದರು. ಪರವಾಗಿಲ್ಲ, ನನ್ನ ಸರದಿ ಬರಲಿ ಎಂದು ಅಲ್ಲೇ ನಿಂತಳು.

ಕೌಂಟರಿನ ಹುಡುಗಿ ಲಕೋಟೆಯನ್ನು ತಕ್ಕಡಿಯ ಮೇಲಿಟ್ಟು ಸ್ಪೀಡ್ ಪೋಸ್ಟಾ ಎಂದು ಕೇಳಿದಳು. ತಲುಪಿದ್ದಕ್ಕೆ ರಸೀತಿಯೂ ಬೇಕು ಎಂದಳು ಸತ್ಯವತಿ. ಹುಡುಗಿ ಕಚೇರಿಯ ವಿಳಾಸ ಒತ್ತಿದಳು, ಪಿನ್‌ಕೋಡ್ ಒತ್ತಿದಳು.

“ಕಳಿಸೋರು ಯಾರಮ್ಮ?”

“ಸತ್ಯವತಿ.”

“ಕೇರಾಫ್ ಯಾರ್ದು ಹಾಕ್ಲಿ? ಯಜಮಾನ್ರ ಹೆಸರಾ, ಅಣ್ಣನದಾ?”

ಪಿಂಚಣಿ ಪುಸ್ತಕದಲ್ಲಿ ಮೊದಲು ಅಪ್ಪನ ಹೆಸರಿತ್ತು, ಆಮೇಲೆ ವೆಂಕಟಗಿರಿಯದು. ಸತ್ಯವತಿ ಕೋಲನ್ನು ಕೌಂಟರಿಗೆ ಒರಗಿಸಿ, ಎರಡೂ ಕೈಯನ್ನು ಕಟ್ಟೆಯ ಮೇಲಿಟ್ಟಳು.

“ಕೇರಾಫ್ ಬೇಡಮ್ಮ. ಸತ್ಯವತಿ, ಬಸವೇಶ್ವರನಗರ ಅಂತ ಹಾಕು. ಸಾಕು.”

ಹುಡುಗಿ ಹಾಗೆಯೇ ಹಾಕಿದಳು. ಚೀಟಿ ಅಂಟಿಸಿ, ಮೊಹರು ಒತ್ತಿ, ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಎಸೆದಳು. ಅದು ಒಳಗೆ ಬಿದ್ದದ್ದನ್ನು ಕಣ್ಣಾರೆ ನೋಡಿಯೇ ಸತ್ಯವತಿ ಚಿಲ್ಲರೆ ಎಣಿಸಿ ಕೊಟ್ಟಳು.